ಹರಮಣ್ಣನ ಗಾಡಿಯ ಮಾಳಿಗೆ

ಎಲ್ಲ ರಾದ್ಧಾಂತಕ್ಕೂ ಕಾರಣವಾದದ್ದು ಒಂದೇ ಒಂದು ಹನಿ ನೀರು. ಸನ್ ಎಪ್ಪತ್ಮೂರರ ಆಷಾಢದ ಒಂದು ರವಿವಾರ, ಬೆಳಿಗ್ಗೆ ಏಳು ಗಂಟೆಗೆ, ಜರ್ಮನಿಯಿಂದ ಬಂದ ಹೆರ್ಮಾನ್ ಸಾಹೇಬನ ಗಾಡಿಯ ಛಾವಣಿಯಿಂದ ಜಾರಿದ ಆ ಹನಿ, ಕೆಳಗೆ ಕುಳಿತಿದ್ದ ರಘೋತ್ತಮ ಇನ್ನೇನು ತುಟಿಗಿಡಬೇಕೆಂದಿದ್ದ ಚಹಾದ ಕಪ್ಪಿನಲ್ಲಿ ಟಪ್ಪೆಂದು ಬಿತ್ತು. ಅದರ ಬೆನ್ನಿಗೇ ಇನ್ನೊಂದು ಹನಿ ಸಾಹೇಬನ ಮೂಗಿನ ತುದಿಗೆ ಬಿತ್ತು. ಸಾಹೇಬ ಮೂಗು ಒರೆಸಿಕೊಂಡ, ಮೇಲೆ ನೋಡಿದ, ನಿಟ್ಟುಸಿರು ಬಿಟ್ಟ, ಆಮೇಲೆ ಉದ್ದನೆಯದೊಂದು ಇಂಗ್ಲಿಷ್ ವಾಕ್ಯ ಹೇಳಿದ.

ಆ ಗಾಡಿ ಕಿತ್ತೂರಿನಲ್ಲಿ ರಘೋತ್ತಮನ ಮನೆಯಂಗಳದಲ್ಲಿ ಬಂದು ನಿಂತು ಅಂದಿಗೆ ಒಂಬತ್ತು ದಿನ. ಅದನ್ನು ಬರೀ ಗಾಡಿ ಎನ್ನುವಂತಿರಲಿಲ್ಲ. ಒಳಗೆ ಮಲಗಲು ಮಂಚ, ಬೇಯಿಸಲು ಪುಟ್ಟ ಒಲೆ, ಕೈ ತೊಳೆಯಲು ಬೋಗುಣಿ, ಪುಸ್ತಕಕ್ಕೆ ಕಪಾಟು, ಹೀಗೆ ಒಂದು ಇಡೀ ಸಂಸಾರವನ್ನು ಮಡಿಚಿ ಡಬ್ಬಿಯಲ್ಲಿ ತುಂಬಿದಂತಿತ್ತು. ನೆತ್ತಿಯ ಮೇಲೆ ಗಾಳಿ ಬೆಳಕಿಗೆಂದು ಗಾಜಿನ ಮುಚ್ಚಳವಿದ್ದ ಒಂದು ಬೆಳಕಿಂಡಿ. ಅದರ ಚೌಕಟ್ಟಿನ ಸುತ್ತ ನೀರು ಇಳಿಯದಿರಲೆಂದು ಜರ್ಮನಿಯವರು ರಬ್ಬರಿನಂಥ ಒಂದು ಕರಿಯ ಮೇಣ ಮೆತ್ತಿದ್ದರು. ಅದು ದಾರಿಯುದ್ದಕ್ಕೂ ಇರಾಣ, ಅಫಗಾನಿಸ್ತಾನಗಳ ಬಿಸಿಲು ಕುಡಿದು, ಬರಿಗಾಲಲ್ಲಿ ನಡೆದವರ ಹಿಮ್ಮಡಿಯಂತೆ ಸೀಳು ಸೀಳಾಗಿತ್ತು.

ಹೆರ್ಮಾನ್ ಹಳೆಯ ಗುಡಿಗಳ ಅಳತೆ ತೆಗೆದು ಬರೆಯುವ ವಿದ್ವಾಂಸ. ದೇಗಾಂವದ ಕಮಲನಾರಾಯಣನ ಗುಡಿಗಾಗಿ ಹೆಂಡತಿ ಊರ್ಸುಲಾಳನ್ನು ಕಟ್ಟಿಕೊಂಡು ಬಂದವನು, ಕಿತ್ತೂರಿನ ಪೋಸ್ಟ್ ಆಫೀಸಿನಲ್ಲಿ ತಿಕೀಟು ಕೊಳ್ಳುತ್ತ, ಗಾಡಿ ನಿಲ್ಲಿಸಲು ಜಾಗ ಎಲ್ಲಿ ಸಿಕ್ಕೀತು ಎಂದು ಕೇಳಿದ್ದ. ಕೌಂಟರಿನ ಒಳಗೆ ಇದ್ದವನು ಗುಮಾಸ್ತ ರಘೋತ್ತಮ. ಹೊರಗೆ ಹತ್ತು ಮಂದಿ ಬಾಯಿ ತೆರೆದು ನೋಡುತ್ತಿದ್ದರು. ರಘೋತ್ತಮನಿಗೆ ಎದೆಯೊಳಗಿಂದ ಏನೋ ಉಕ್ಕಿ ಬಂದು, "ಮೈ ಹೌಸ್, ಯುವರ್ ಹೌಸ್!" ಎಂದುಬಿಟ್ಟ. ಒಂದು ರಾತ್ರಿಯ ಮಾತು ಎಂದು ಅವನು ತಿಳಿದಿದ್ದ.

ಒಂಬತ್ತು ದಿನಗಳಲ್ಲಿ ಅವನ ಮನೆ ಮನೆಯಾಗಿ ಉಳಿದಿರಲಿಲ್ಲ. ಸುತ್ತಲ ಹಳ್ಳಿಯವರು ಸಂತೆಗೆ ಬಂದವರು ಗಾಡಿ ನೋಡಿಯೇ ಊರಿಗೆ ಮರಳುತ್ತಿದ್ದರು. ಕಟ್ಟೆಯ ಮೇಲೆ ಕುಂತವರಿಗೆ ನೀರು ಕೊಡುವಷ್ಟರಲ್ಲಿ ರಘೋತ್ತಮನ ಹೆಂಡತಿ ಲೀಲಾಬಾಯಿಯ ಹಂಡೆ ಬರಿದಾಗುತ್ತಿತ್ತು. ಮಂದಿಯ ಬಾಯಲ್ಲಿ ಹೆರ್ಮಾನ್ ಎರಡೇ ದಿನಕ್ಕೆ ಹರಮಣ್ಣನಾದ, ಊರ್ಸುಲಾ ಊರಸವ್ವಳಾದಳು. ಹರಮಣ್ಣನಿಗೆ ಶೇಂಗಾ ಚಟ್ನಿಯ ರುಚಿ ಹತ್ತಿ, ಜೋಳದ ಭಕ್ರಿಯ ಮೇಲೆ ಅದನ್ನು ಬೆಣ್ಣೆಯಂತೆ ಬಳಿದುಕೊಂಡು ತಿನ್ನುತ್ತಿದ್ದ. ಇನ್ನು ಮನೆಗೆ ಇದ್ದದ್ದು ಒಂದೇ ಪಾಯಿಖಾನೆ. ಸಾಹೇಬ ಬೆಳಿಗ್ಗೆ ಅದರೊಳಗೆ ಪುಸ್ತಕ ಹಿಡಿದುಕೊಂಡು ಹೋಗುತ್ತಿದ್ದ. ಹೊರಗೆ ತಂಬಿಗೆ ಹಿಡಿದು ನಿಂತ ರಘೋತ್ತಮ ಒಂಬತ್ತು ದಿನದಲ್ಲಿ ಆರು ದಿನ ಆಫೀಸಿಗೆ ತಡವಾಗಿ ಹೋಗಿದ್ದ.

ಆ ಬೆಳಿಗ್ಗೆ ಲೀಲಾಬಾಯಿ ಅಡಿಗೆ ಮನೆಯ ಹೊಸ್ತಿಲಲ್ಲಿ ನಿಂತು ಕಡೆಯ ಮಾತು ಹೇಳಿದ್ದಳು.

"ಇವತ್ತ ಸಂಜೀ ಒಳಗ ಈ ಗಾಡೀದು ಏನರೆ ಒಂದು ತೀರ್ಮಾನ ಆಗಬೇಕು ನೋಡ್ರಿ. ಆಗಲಿಲ್ಲೋ, ಐದರ ಬಸ್ಸಿಗೆ ನಾ ರಾಮದುರ್ಗಕ್ಕ ನಮ್ಮವ್ವನ ಮನಿಗೆ ಹೋಗತೇನಿ. ಆಮ್ಯಾಲೆ ಭಕ್ರಿ ನೀವ ಬಡೀರಿ, ಚಟ್ನಿ ನೀವ ಕುಟ್ರಿ."

"ಮನಿಗೆ ಬಂದ ಮಂದೀಗೆ ಹೋಗ್ರಿ ಅಂತ ಹ್ಯಾಂಗ ಹೇಳ್ಲಿಕ್ಕೆ ಬರ್ತದ, ಲೀಲಾ?"

"ಬರ್ರಿ ಅನ್ನಲಿಕ್ಕೆ ಬಂದಿತ್ತಲ್ಲ, ಹಂಗ."

ಈ ಮಾತು ಬೆನ್ನಿಗೆ ಹೊತ್ತುಕೊಂಡೇ ರಘೋತ್ತಮ ಗಾಡಿಯೊಳಗೆ ಚಹಾಕ್ಕೆ ಹೋಗಿದ್ದು. ಅಲ್ಲಿ ಆ ಹನಿ ಬಿದ್ದದ್ದು, ಸಾಹೇಬ ಆ ವಾಕ್ಯ ಹೇಳಿದ್ದು.

ರಘೋತ್ತಮನ ಇಂಗ್ಲಿಷ್ ಎಂದರೆ ತಂತಿಯ ಇಂಗ್ಲಿಷ್. ಹದಿನಾಲ್ಕು ವರ್ಷ 'ಮದರ್ ಸೀರಿಯಸ್ ಸ್ಟಾರ್ಟ್ ಇಮೀಡಿಯೆಟ್ಲಿ' ಎಂಬಂಥ ತಂತಿಗಳನ್ನೇ ಬರೆಸಿಕೊಂಡಿದ್ದವನು. ತಂತಿ ಕೊಡುವವರು ಸಣ್ಣಪುಟ್ಟ ಶಬ್ದಗಳನ್ನೆಲ್ಲ ಕತ್ತರಿಸಿ ದೊಡ್ಡವನ್ನಷ್ಟೇ ಉಳಿಸುತ್ತಿದ್ದರು. ಹಾಗಾಗಿ ಯಾರು ಇಂಗ್ಲಿಷ್ ಮಾತಾಡಿದರೂ ಸಣ್ಣ ಶಬ್ದಗಳು ಅವನ ಕಿವಿಯಿಂದ ಜರಡಿಯ ಹಿಟ್ಟಿನಂತೆ ಇಳಿದುಹೋಗಿ, ದೊಡ್ಡವು ಮಾತ್ರ ಉಳಿಯುತ್ತಿದ್ದವು. ಈಗ ಉಳಿದದ್ದು ಇಷ್ಟು: "ರೂಫ್... ರಿಪೇರ್... ಟುಮಾರೋ ಮಾರ್ನಿಂಗ್... ಗೋ... ರಾಜಸ್ಥಾನ್."

ಹೇಳುವಾಗ ಸಾಹೇಬನ ಮುಖ ಬಾಡಿತ್ತು. ನಮ್ಮನ್ನು ಬಿಟ್ಟು ಹೋಗುವ ದುಃಖ ಎಂದು ರಘೋತ್ತಮ ಅರ್ಥ ಮಾಡಿಕೊಂಡ. ಚಹಾ ಅಲ್ಲೇ ಬಿಟ್ಟು ಅಡಿಗೆ ಮನೆಗೆ ಹಾರಿದ.

"ಲೀಲಾ! ಕೆಲಸ ಆತು! ಛಾವಣಿ ಒಂದು ರಿಪೇರಿ ಆದ್ರ ಸಾಕಂತ. ನಾಳೆ ಮುಂಜಾನೆ ರಾಜಸ್ಥಾನಕ್ಕ ಹೋಗತಾರಂತ!"

ಲೀಲಾಬಾಯಿ ಹಿಟ್ಟಿನ ಕೈ ತಡೆದಳು. "ಖರೇನ?"

"ಅವರ ಬಾಯಿಲೆ ಕೇಳೇನಿ."

"ಹಂಗಾದ್ರ ಇನ್ನೂ ಇಲ್ಲ್ಯಾಕ ನಿಂತೀರಿ? ಏರ್ರಿ ಮ್ಯಾಲೆ!"

ಹೆರ್ಮಾನ್ ಬಾಡಿಗೆ ಸೈಕಲ್ಲು ತುಳಿದುಕೊಂಡು ದೇಗಾಂವದ ದಾರಿ ಹಿಡಿದ. ರಘೋತ್ತಮ ಧೋತರದ ಕಚ್ಚೆ ಬಿಗಿದು, ಎದುರು ಮನೆಯ, ಗೋಡೆ ಕಟ್ಟುವ ಗೌಂಡಿ ಶಟ್ಟೆಪ್ಪನಿಂದ ಏಣಿ ತಂದ. ಒಡೆದ ಮೇಣದ ಮೇಲೇ ಹೊಸದು ಬಳಿದರೆ ಹಿಡಿಯಲಿಕ್ಕಿಲ್ಲ, ಹಳೆಯದನ್ನು ಮೊದಲು ಕೆರೆದು ತೆಗೆಯಬೇಕು ಎಂಬಷ್ಟು ಬುದ್ಧಿ ಅವನಿಗಿತ್ತು. ಲೀಲಾಬಾಯಿಯ ಥಾಲಿಪೆಟ್ಟು ಮಗುಚುವ ಸಟ್ಟುಗದಿಂದ ಒಂದು ಮೂಲೆ ಎಬ್ಬಿಸಿದ. ಮೇಣ ಹಾವಿನ ಪೊರೆಯಂತೆ ಒಂದೇ ಎಳೆತಕ್ಕೆ ನಾಲ್ಕೂ ಬದಿಯಿಂದ ಕಿತ್ತು ಕೈಗೆ ಬಂತು. ಅದರ ಜೊತೆಗೆ ಬೆಳಕಿಂಡಿಯ ಗಾಜೂ ಚೌಕಟ್ಟಿನ ಸಮೇತ ಕದಲಿ ಎದ್ದು ಬಂತು. ಹನಿ ಸೋರುತ್ತಿದ್ದ ಜಾಗದಲ್ಲಿ ಈಗ ಒಬ್ಬ ಮನುಷ್ಯ ಇಳಿಯುವಷ್ಟು ದೊಡ್ಡ ತೂತು. ಒಳಗಿನಿಂದ ಊರ್ಸುಲಾ ತಲೆಯೆತ್ತಿ ಅವನನ್ನು ನೋಡಿ, "ಗುಡ್ ಮಾರ್ನಿಂಗ್," ಎಂದಳು.

"ಗುಡ್ ಮಾರ್ನಿಂಗ್," ಎಂದ ರಘೋತ್ತಮ, ಆಕಾಶ ನೋಡಿದ. ಪಡುವಣದಲ್ಲಿ ಮೋಡ ಹೆಪ್ಪುಗಟ್ಟುತ್ತಿತ್ತು.

ಅಷ್ಟು ಹೊತ್ತಿಗೆ ಓಣಿ ಎದ್ದಿತ್ತು. ಪೋಸ್ಟಿನ ರಾಯರು ಗಾಡಿಯ ಮೇಲೆ ಏರಿದ ಸುದ್ದಿ ಚಾವಡಿಯವರೆಗೆ ಹೋಗಿ ಮರಳಿ ಬಂದಿತ್ತು. ಮೊದಲು ಬಂದವನು ಸೈಕಲ್ ಅಂಗಡಿಯ ನಿಜಗುಣಪ್ಪ. ಒಂದು ಕೈಯಲ್ಲಿ ಪಂಕ್ಚರಿನ ಸೊಲ್ಯೂಶನ್ ಡಬ್ಬಿ, ಇನ್ನೊಂದರಲ್ಲಿ ಹಳೆಯ ಟ್ಯೂಬು.

"ರಾಯರ, ಇದು ನನ್ನ ಕೆಲಸ ಐತಿ, ನೀವು ಸರೀರಿ. ಟ್ಯೂಬಿನಾಗಿನ ಗಾಳೀನ ಹೊರಗ ಬಿಡದಾಂವ, ಮ್ಯಾಲಿನ ನೀರು ಒಳಗ ಬಿಡ್ತೇನೇನು?"

ಕೆಳಗೆ ನಿಂತಿದ್ದ ಮುದಕವ್ವ ಬಾಯಿ ತೆರೆದಳು. ಹಿತ್ತಲಿನಾಚೆ ಮನೆಯ ಮುದುಕಿ, ಎಪ್ಪತ್ತು ದಾಟಿದವಳು, ಓಣಿಗೆಲ್ಲ ಹಾಲು ಹಾಕುವವಳು. "ರಾಯರ, ನಮ್ಮ ತವರು ಮನೋಳಿಯೊಳಗ..."

"ಮುದಕವ್ವ, ಹಾಲು ಒಳಗ ಕೊಡು ನೀ," ಎಂದ ರಘೋತ್ತಮ.

ನಿಜಗುಣಪ್ಪ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದ. ಗಾಜಿನ ಚೌಕಟ್ಟನ್ನು ತೂತಿನ ಮೇಲೆ ಇಟ್ಟು, ಸುತ್ತ ಸೊಲ್ಯೂಶನ್ ಬಳಿದು, ಊದಿ ಒಣಗಿಸಿ, ಪಟ್ಟಿ ಅಂಟಿಸಿದ. ಒಂದು ತಾಸಿನ ಕೆಲಸ. ಒತ್ತಿ ಹಿಡಿಯುವ ಜವಾಬ್ದಾರಿ ರಘೋತ್ತಮನದು. ಒತ್ತಿ ಹಿಡಿದಷ್ಟು ಹೊತ್ತೂ ಅವನು ನಾಳೆಯ ಬೆಳಗನ್ನು ನೆನೆದು ಸಂತೋಷಪಡುತ್ತಿದ್ದ. ಆಮೇಲೆ ಏಳಲು ಹೋದ. ಏಳಲು ಬರಲಿಲ್ಲ. ಚೆಲ್ಲಿದ ಸೊಲ್ಯೂಶನ್ ಮೇಲೆ ಕುಳಿತಿದ್ದರಿಂದ ಧೋತರ ಛಾವಣಿಗೆ ಅಂಟಿತ್ತು.

"ಜಗ್ಗಬ್ಯಾಡ್ರಿ!" ಎಂದು ನಿಜಗುಣಪ್ಪ ಕೂಗಿದ. "ಜಗ್ಗಿದ್ರ ಪಟ್ಟಿ ಕಿತ್ತ ಬರತಾವು!"

"ಧೋತ್ರ ಕಿತ್ತ ಬಂದ್ರೇನ್ಮಾಡ್ಲಿ?"

"ಧೋತ್ರ ಇನ್ನೊಂದು ಇದ್ದೀತಲ್ರಿ ಮನಿಯಾಗ."

ಕೆಳಗೆ ಮೂವತ್ತು ಮಂದಿ. ಅವರಲ್ಲಿ ಅರ್ಧ ಹೆಣ್ಣುಮಕ್ಕಳು. ಲೀಲಾಬಾಯಿ ಒಂದು ಚಾದರ ಎಸೆದಳು. ರಘೋತ್ತಮ ಚಾದರದ ಮರೆಯಲ್ಲಿ ಧೋತರ ಕಳಚಿ, ಚಾದರವನ್ನೇ ಲುಂಗಿಯಂತೆ ಸುತ್ತಿಕೊಂಡು, ಧೋತರವನ್ನು ಎರಡೂ ಕೈಯಿಂದ ಎಳೆದ. ಧೋತರ ಬಂತು. ನಿಜಗುಣಪ್ಪ ಹೇಳಿದ ಹಾಗೆ ಪಟ್ಟಿಗಳೂ ಬಂದವು. ಅಂಟಿ ಉಳಿದದ್ದು ಅಂಗೈಯಗಲದ ಧೋತರದ ಚೂರು ಮಾತ್ರ.

"ನಿಮ್ಮ ಧೋತ್ರ ಭಾಳ ಗಟ್ಟಿ ಐತ್ರಿ ರಾಯರ," ಎಂದು ನಿಜಗುಣಪ್ಪ ಕೆಳಗಿಳಿದ.

ಈ ತಮಾಷೆಯನ್ನೆಲ್ಲ ತನ್ನ ಕಟ್ಟೆಯ ಮೇಲೆ ಕುಳಿತು, ತಂಬಾಕು ತಿಕ್ಕುತ್ತ ನೋಡಿದವನು ಏಣಿಯ ಮಾಲಕ ಶಟ್ಟೆಪ್ಪ. ಈಗ ಬಾಯಿಗೆ ತಂಬಾಕು ಇಟ್ಟುಕೊಂಡು ಎದ್ದು ಬಂದ.

"ರಬ್ಬರಿಲೆ ಮಾಳಗಿ ಮಾಡಿದ್ದು ಎಲ್ಲೆರೆ ಕೇಳೀರೇನ್ರಿ? ಕಿತ್ತೂರ ಕೋಟಿ ಯಾತರಿಂದ ನಿಂತೈತಿ? ಸುಣ್ಣ, ಬೆಲ್ಲ, ಅಳಲೀಕಾಯಿ. ಮೂರೂ ಕೂಡಿಸಿ ಅರದ್ರ ತೋಪು ಬಡದ್ರೂ ಬೀಳಂಗಿಲ್ಲ. ಇದೇನು, ಅಂಗೈ ಅಗಲ ಕಿಂಡಿ."

"ರಾಯರ," ಎಂದಳು ಮುದಕವ್ವ, "ನಮ್ಮ ಮನೋಳಿಯೊಳಗ ಹೊಳಿ ದಂಡಿಮ್ಯಾಲೆ..."

"ಏ ಮುದಕಿ, ಹಾಲು ಹಿಂಡೂ ಕೆಲಸ ಅಲ್ಲಿದು," ಎಂದ ಶಟ್ಟೆಪ್ಪ.

ಕೋಟೆಯ ಮಾತು ಬಂದ ಮೇಲೆ ರಘೋತ್ತಮ ಎದುರಾಡುವಂತಿರಲಿಲ್ಲ. ಸುಣ್ಣ ಶಟ್ಟೆಪ್ಪನದು, ಅಳಲೆಕಾಯಿ ಅಂಗಡಿಯದು, ಬೆಲ್ಲ ಲೀಲಾಬಾಯಿಯ ಡಬ್ಬಿಯದು. ನಾಗರ ಪಂಚಮಿಯ ಉಂಡಿಗೆಂದು ತೆಗೆದಿಟ್ಟ ಬೆಲ್ಲ. "ನಾಳೆ ಹೋಗತಾರಲ್ಲ," ಎಂದು ರಘೋತ್ತಮ ಬೇಡಿಕೊಂಡ ಮೇಲೆ ಅವಳು ಡಬ್ಬಿಯ ಮುಚ್ಚಳ ತೆರೆದಳು. ಒರಳಿನಲ್ಲಿ ಅರೆಯುವ ಪಾಳಿ ರಘೋತ್ತಮನಿಗೇ ಬಂತು. ಶಟ್ಟೆಪ್ಪ ಪಕ್ಕದಲ್ಲಿ ಕುಂತು, "ಇನ್ನೂ ನುಣ್ಣಗ, ಇನ್ನೂ ನುಣ್ಣಗ," ಎನ್ನುತ್ತ ಇಡೀ ಕೋಟೆಯ ಕತೆ ಹೇಳಿದ. ಹನ್ನೆರಡು ಗಂಟೆಗೆ ಗಾರೆ ಸಿದ್ಧವಾಯಿತು. ಗಾಜನ್ನು ಬದಿಗಿಟ್ಟು, ತೂತಿನ ಸುತ್ತ ಮೊದಲು ಗಾರೆಯ ಕಟ್ಟೆ ಕಟ್ಟಿದರು.

"ಒಂದು ತಾಸು ಬಿಡ್ರಿ, ಬಿಗೀಲಿ. ಆಮ್ಯಾಲೆ ಗಾಜು ಕುಂಡ್ರಸೂಣು. ಅಲ್ಲೀತನಕ ಊಟಾ ಮಾಡ್ರಿ," ಎಂದು ಶಟ್ಟೆಪ್ಪ ಕೈ ತೊಳೆದ.

ರಘೋತ್ತಮ ಎರಡನೆಯ ತುತ್ತು ಎತ್ತಿರಲಿಲ್ಲ, ಹೊರಗೆ ಊರ್ಸುಲಾ ಕಿಟ್ಟನೆ ಕಿರುಚಿದಳು. ಎಂಜಲ ಕೈಯಲ್ಲೇ ಓಡಿಬಂದು ನೋಡಿದರೆ, ಕೋಟೆಯ ಮಂಗಗಳು ಗಾಡಿಯ ಮೇಲೆ ಪಂಕ್ತಿ ಕುಳಿತಿದ್ದವು. ಏಳೋ ಎಂಟೋ. ಬೆಲ್ಲದ ವಾಸನೆ ಅಷ್ಟು ದೂರ ಹೋಗಿತ್ತು. ಗಾರೆಯನ್ನು ಬೆರಳಿನಿಂದ ಗೀರಿ ಗೀರಿ, ಮದುವೆಯ ಮನೆಯ ಬೀಗರಂತೆ ಸಾವಕಾಶವಾಗಿ ನೆಕ್ಕುತ್ತಿದ್ದವು. ಒಂದು ದೊಡ್ಡ ಮಂಗ ತೂತಿನಿಂದ ಒಳಗಿಳಿದು, ಊರ್ಸುಲಾಳನ್ನು ಹೊರಗೆ ಹಾಕಿ, ಕಪಾಟು ತೆಗೆದು ನೋಡುತ್ತಿತ್ತು.

"ಹುಶ್! ಹುಶ್!" ಎಂದು ರಘೋತ್ತಮ ಕೋಲು ಬೀಸಿದ. ದೊಡ್ಡ ಮಂಗ ತೂತಿನಿಂದ ಮೇಲೆ ಬಂತು. ಕೈಯಲ್ಲಿ ಬಿಳಿಯ ಕಾಗದದ ಒಂದು ಸುರುಳಿ. ಸುರುಳಿಯ ತುದಿ ಗಾಡಿಗೆ ಸಿಕ್ಕಿಕೊಂಡಿತು, ಮಂಗ ಜಿಗಿಯಿತು. ಅಲ್ಲಿಂದ ಶಟ್ಟೆಪ್ಪನ ಮಾಳಿಗೆ, ಅಲ್ಲಿಂದ ಹುಣಸೆ ಮರ, ಮರದಿಂದ ನಿಜಗುಣಪ್ಪನ ಅಂಗಡಿಯ ತಗಡು. ಹೋದಲ್ಲೆಲ್ಲ ಕಾಗದ ಬಿಚ್ಚಿಕೊಳ್ಳುತ್ತ ಹೋಗಿ, ಓಣಿಗೆ ಓಣಿಯೇ ಲಗ್ನದ ಚಪ್ಪರ ಹಾಕಿದಂತೆ ಕಂಡಿತು.

ಅಷ್ಟು ಮೆತ್ತನೆಯ ಕಾಗದವನ್ನು ಯಾರೂ ಕಂಡಿರಲಿಲ್ಲ. "ಸಾಹೇಬ್ರು ಗುಡೀ ನಕಾಶಿ ಬರಿಯೂ ಹಾಳಿ ಇರಬೇಕ್ರಿ," ಎಂದು ಶಟ್ಟೆಪ್ಪ ತೀರ್ಪು ಕೊಟ್ಟ. ಇಡೀ ಓಣಿ ಕಾಗದ ಆರಿಸಲು ಓಡಿತು. ಮುದಕವ್ವ ಒಂದು ತುಂಡನ್ನು ಕಣ್ಣಿಗೊತ್ತಿಕೊಂಡು, ದೇವರ ಬುತ್ತಿಯಂತೆ ಮಡಿಚಿ ಊರ್ಸುಲಾಳ ಕೈಗಿಟ್ಟಳು. ಊರ್ಸುಲಾ ಅವಳ ಮುಖ ನೋಡಿದಳು, ಕಾಗದ ನೋಡಿದಳು, ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತು ನಗಲಾರಂಭಿಸಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪಾಯಿಖಾನೆಯ ಕಡೆ ಬೆರಳು ಮಾಡಿ ಕೈಸನ್ನೆಯಲ್ಲಿ ವಿಷಯ ತಿಳಿಸಿದಾಗ ಮೊದಲು ಅರ್ಥವಾದದ್ದು ಲೀಲಾಬಾಯಿಗೆ. ಒಂಬತ್ತು ದಿನದಲ್ಲಿ ಮೊದಲ ಸಲ ಅವಳೂ ನಕ್ಕಳು. ಮುದಕವ್ವ ಮಾತ್ರ ನಗದೆ ಹೋಗಿ ಕಣ್ಣು ತೊಳೆದುಕೊಂಡು ಬಂದಳು.

ರಘೋತ್ತಮನಿಗೆ ನಗೆ ಬರಲಿಲ್ಲ. ಗಾರೆಯ ಕಟ್ಟೆ ಮಂಗಗಳ ಹೊಟ್ಟೆ ಸೇರಿತ್ತು. ತೂತು ತೂತಾಗಿಯೇ ಇತ್ತು. ಮೂರು ಗಂಟೆಯಾಗಿತ್ತು, ಗಾಳಿ ತಣ್ಣಗಾಗಿತ್ತು. ತುಕ್ಕು ಹಿಡಿದ ಬಾಣಲೆಯನ್ನು ಬೋರಲು ಹಾಕಿದಂತೆ ಮೋಡ ಊರಿನ ಮೇಲೆ ಬಂದು ನಿಂತಿತ್ತು. ಶಟ್ಟೆಪ್ಪನಿಗೂ ನಿಜಗುಣಪ್ಪನಿಗೂ ಜಗಳ ಹತ್ತಿತ್ತು. ಸುಣ್ಣದ ತಪ್ಪೋ, ಬೆಲ್ಲದ ತಪ್ಪೋ, ಧೋತರದ ತಪ್ಪೋ ಎಂದು ಮಂದಿ ಎರಡು ಪಾರ್ಟಿಯಾಗಿತ್ತು. ರಘೋತ್ತಮ ಗಾಡಿಯ ಚಕ್ರಕ್ಕೆ ಒರಗಿ ನೆಲಕ್ಕೆ ಕುಳಿತ. ಛಾವಣಿ ಆಗಲಿಲ್ಲವೆಂದರೆ ಸಾಹೇಬ ಹೋಗುವುದಿಲ್ಲ. ಸಾಹೇಬ ಹೋಗಲಿಲ್ಲವೆಂದರೆ ಲೀಲಾ ಹೋಗುತ್ತಾಳೆ. ಹದಿನಾರು ವರ್ಷದ ಸಂಸಾರದಲ್ಲಿ ಅವಳು ಹೇಳಿದ್ದನ್ನು ಮಾಡದೆ ಬಿಟ್ಟದ್ದೇ ಇಲ್ಲ.

ಮುದಕವ್ವ ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕುಂತಳು.

"ರಾಯರ, ಈಗರೆ ನಾ ಮಾತಾಡ್ಲೇನು?"

"ಮಾತಾಡಬೇ. ಎಲ್ಲಾರೂ ಆಡ್ಯಾರ, ನೀನೂ ಆಡು."

"ನಮ್ಮ ಮನೋಳಿಯೊಳಗ, ಮಲಪ್ರಭಾ ಹೊಳಿಯಾಗ, ನಮ್ಮಪ್ಪ ದೋಣಿ ಹಾಕತಿದ್ದ. ದೋಣಿ ಹಲಗಿ ಸಂದಿಯೊಳಗ ನೀರು ಬರಬಾರದಂತ ಪ್ರತಿ ವರ್ಷ ರಾಳ ಹಚ್ಚತಿದ್ವಿ. ರಾಳ ಕರಗಿಸಿ, ಅಗಸೀ ಎಣ್ಣಿ ಹಾಕಿ, ಹಳೀ ಅರಬಿ ನೂಲು ಅದರಾಗ ಅದ್ದಿ, ಹೆಬ್ಬಟ್ಟಿಲೆ ಸಂದಿಗೆ ತುರುಕಬೇಕು. ಕೆಳಗ ಹೊಳಿ ಹರದ್ರೂ ಒಳಗ ಹನಿ ಬರತಿರಲಿಲ್ಲ. ಮ್ಯಾಲಿಂದ ಬೀಳೂ ಮಳಿ ಏನು ಮಾಡೀತು?"

ಜಗಳ ನಿಂತಿತು. ರಘೋತ್ತಮ ಅವಳ ಮುಖವನ್ನೇ ನೋಡಿದ.

"ಇದನ್ನ ಮುಂಜಾನೇನ ಯಾಕ ಹೇಳಲಿಲ್ಲಬೇ?"

"ಹೇಳಾಕ ಬಂದೆ. ಹಾಲು ಒಳಗ ಕೊಡು ಅಂದ್ರಿ. ಕೊಟ್ಟೆ."

ಆಮೇಲಿನ ಒಂದು ತಾಸು ಓಣಿಯಲ್ಲಿ ಯಾರೂ ಸುಮ್ಮನೆ ನಿಂತಿರಲಿಲ್ಲ. ನಿಜಗುಣಪ್ಪ ಸೈಕಲ್ಲು ಹತ್ತಿ ಕಿರಾಣಿ ಅಂಗಡಿಯಿಂದ ರಾಳ, ಅಗಸೆ ಎಣ್ಣೆ ತಂದ. ಶಟ್ಟೆಪ್ಪ ಮೂರು ಕಲ್ಲಿಟ್ಟು ಒಲೆ ಹೂಡಿದ. ಪಾತ್ರೆ ಲೀಲಾಬಾಯಿಯದು. ತವರಿನವರು ಕೊಟ್ಟ ಹಿತ್ತಾಳೆ ಪಾತೇಲಿ, ಇನ್ನು ಅದರಲ್ಲಿ ಹುಳಿ ಕುದಿಸುವಂತಿರಲಿಲ್ಲ. ಹಳೆಯ ಅರಿವೆಯ ಪ್ರಶ್ನೆ ಬಂದಾಗ ಎಲ್ಲರೂ ರಘೋತ್ತಮನ ಹರಿದ ಧೋತರದ ಕಡೆ ನೋಡಿದರು. ಮುದಕವ್ವ ಸೀರೆಯ ಕಚ್ಚೆ ಬಿಗಿದು, ಯಾರ ಕೈಯೂ ಹಿಡಿಯದೆ ಏಣಿ ಹತ್ತಿದಳು. ಗಾಜು ಕೂರಿಸಿ, ಬಿಸಿ ರಾಳದಲ್ಲಿ ಅದ್ದಿದ ಧೋತರದ ಎಳೆಗಳನ್ನು ಸಂದಿಗೆ ತುರುಕುತ್ತ, ಹೆಬ್ಬೆರಳಿನಿಂದ ನೀವುತ್ತ ಒಂದು ಸುತ್ತು ಬಂದಳು. ಮೇಲೆ ಮತ್ತೊಂದು ಸುತ್ತು ರಾಳ ಹೊಯ್ದಳು. ರಘೋತ್ತಮ ಚಾದರ ಸುತ್ತಿಕೊಂಡೇ, ಎಲ್ಲಿ ಹನಿ ಬಿದ್ದೀತೋ ಎಂದು ಅವಳ ತಲೆಯ ಮೇಲೆ ಛತ್ರಿ ಹಿಡಿದು ನಿಂತಿದ್ದ.

ಕಡೆಯ ಮೂಲೆ ನೀವಿ ಮುಗಿಸಿ ಅವಳು ಕೆಳಗಿಳಿದಳು. ಸ್ವಲ್ಪ ಹೊತ್ತಿಗೆಲ್ಲ ಮಳೆ ಬಂತು. ಜಿಟಿಜಿಟಿ ಮಳೆಯಲ್ಲ, ಕೊಡದಿಂದ ಸುರಿದಂಥ ಮಳೆ. "ಒಳಗ ನಡೀರಿ, ಸೋರತೈತೇನ ನೋಡೂಣು!" ಎಂದು ನಿಜಗುಣಪ್ಪ ಕೂಗಿದ. ಇಬ್ಬರು ಮಲಗುವ ಗಾಡಿಯಲ್ಲಿ ಹದಿಮೂರು ಜನ ತುಂಬಿಕೊಂಡರು. ಎಲ್ಲರೂ ಕತ್ತು ಮೇಲೆತ್ತಿ, ಗ್ರಹಣ ನೋಡುವವರಂತೆ ಬೆಳಕಿಂಡಿ ನೋಡುತ್ತ ನಿಂತರು. ಗಾಜಿನ ಮೇಲೆ ನೀರು ಕುಣಿಯುತ್ತಿತ್ತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಒಂದು ಹನಿಯೂ ಇಲ್ಲ.

"ಗಟ್ಟಿ ಆತು!" ಎಂದು ಶಟ್ಟೆಪ್ಪ ಕೇಕೆ ಹಾಕಿದ. ಊರ್ಸುಲಾ ಮುದಕವ್ವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮುದಕವ್ವ ನಾಚಿ ಸೆರಗು ಬಾಯಿಗೆ ಹಿಡಿದಳು. ಬಾಗಿಲಲ್ಲಿ ನಿಂತ ಲೀಲಾಬಾಯಿ ರಘೋತ್ತಮನ ಕಡೆ ನೋಡಿದ ನೋಟದಲ್ಲಿ ಮದುವೆಯಾದ ಹೊಸತರ ಬೆಳಕಿತ್ತು. ರಘೋತ್ತಮನಿಗೆ ಧೋತರ ಹೋದದ್ದು, ಪಾತೇಲಿ ಹೋದದ್ದು, ಬೆಲ್ಲ ಹೋದದ್ದು ಎಲ್ಲ ಮರೆತುಹೋಯಿತು.

ಅಷ್ಟರಲ್ಲಿ ಹೆರ್ಮಾನ್ ಸೈಕಲ್ಲು ನೂಕಿಕೊಂಡು, ತೊಯ್ದು ತೊಪ್ಪೆಯಾಗಿ ಬಂದ. ಹದಿಮೂರು ಜನರ ನಡುವೆ ಜಾಗ ಮಾಡಿಕೊಂಡು ಒಳಗೆ ಬಂದು ಮೇಲೆ ನೋಡಿದ. ಬೆಳಕಿಂಡಿಯ ಸಂದಿಗೆ ಬೆರಳಾಡಿಸಿದ. ಸಂದಿ ಒಣಗಿಯೇ ಇತ್ತು. ರಘೋತ್ತಮನನ್ನು ಬಾಚಿ ತಬ್ಬಿಕೊಂಡ. ಆಮೇಲೆ ಇನ್ನೊಂದು ಉದ್ದನೆಯ ವಾಕ್ಯ ಹೇಳಿದ. ರಘೋತ್ತಮ ವಿನಯದಿಂದ "ಟುಮಾರೋ ಗೋ, ಹ್ಯಾಪಿ ಜರ್ನಿ," ಎಂದ. ಸಾಹೇಬ ತಲೆ ಅಲ್ಲಾಡಿಸಿ ನಕ್ಕ.

ಆಗಲೇ ಅಂಗಳಕ್ಕೆ ಬಂದು ಗಾಡಿಯ ಮೆಟ್ಟಿಲು ಹತ್ತಿದವರು ತ್ರ್ಯಂಬಕ ಮಾಸ್ತರರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಹದಿನೈದು ದಿನದಿಂದ ದೊಡವಾಡದಲ್ಲಿ ಮಗಳ ಮನೆಯಲ್ಲಿದ್ದು ಈಗಷ್ಟೇ ಬಸ್ಸಿಳಿದಿದ್ದರು. ದಾರಿಯಲ್ಲೇ ಸುದ್ದಿ ಕೇಳಿ ಛತ್ರಿ ಹಿಡಿದು ನೇರ ಇಲ್ಲಿಗೆ ಬಂದಿದ್ದರು. ಸಾಹೇಬ ಅವರ ಇಂಗ್ಲಿಷ್ ಕೇಳಿದ್ದೇ ಒಡ್ಡು ಒಡೆದ ಕೆರೆಯಾದ. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಮಾಸ್ತರರ ಕಣ್ಣು ತುಂಬಿ ಬಂದವು. ಅವರು ಎಲ್ಲರ ಎದುರಿಗೆ ರಘೋತ್ತಮನ ಬೆನ್ನ ಮೇಲೆ ಕೈಯಿಟ್ಟರು.

"ರಘೂ, ನೀನು ಇಷ್ಟು ದೊಡ್ಡ ಮನಸ್ಸಿನಾಂವ ಅಂತ ನನಗ ಗೊತ್ತಿದ್ದಿಲ್ಲೋ! ಇವರು ಮುಂಜಾನೆ ನಿನಗ ಸ್ಪಷ್ಟ ಹೇಳಿದ್ರಂತ. 'ಈ ಛಾವಣಿ ಇಲ್ಲೆ ರಿಪೇರಿ ಆಗೂ ಹಂಗ ಕಾಣಸಂಗಿಲ್ಲ. ಆಗಲಿಲ್ಲಂದ್ರ ನಾಳೆ ಮುಂಜಾನೆ ಮಳಿ ಇಲ್ಲದ ರಾಜಸ್ಥಾನದ ಕಡೆ ಹೋಗಲಿಕ್ಕೇ ಬೇಕು' ಅಂತ. ಹೌದಲ್ಲೋ?"

ರಘೋತ್ತಮ ಸೊಂಟದ ಚಾದರವನ್ನು ಇನ್ನೊಮ್ಮೆ ಬಿಗಿದುಕೊಂಡ.

"ನೀ ಇವರನ್ನ ಹೋಗಗೊಡಬಾರದಂತ ರಜಾ ದಿನ ಮಳಿ ಬಿಸಲು ನೋಡಲಾರದ, ಉಟ್ಟ ಧೋತ್ರ ಹರದು ಛಾವಣಿ ಮಾಡಿದಿ! ಸಾಹೇಬ್ರು ಇವತ್ತ ಗುಡೀಗೆ ಹೋಗಿ ಅಳಕೋತ ದೇವರಿಗೆ ಕಡೀ ನಮಸ್ಕಾರ ಮಾಡಿ ಬಂದಾರಂತ. ಈಗ ಹೇಳತಾರ, ಹಿಂಥಾ ಗೆಳ್ಯಾನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ, ದೀಪಾವಳೀತನಕ ಇಲ್ಲೇ ಇರತೇವಿ ಅಂತ!"

ಹದಿಮೂರು ಜನ ಚಪ್ಪಾಳೆ ತಟ್ಟಿದರು. ಶಟ್ಟೆಪ್ಪ, "ಹರಮಣ್ಣ ಇರಬೇಕ್ರಿ, ಇರಬೇಕು!" ಎಂದ. ರಘೋತ್ತಮ ಮೆಲ್ಲಗೆ ಬಾಗಿಲ ಕಡೆ ಕತ್ತು ತಿರುಗಿಸಿದ. ಅಲ್ಲಿ ಲೀಲಾಬಾಯಿ ಇರಲಿಲ್ಲ.

ಅವನು ಕೆಳಗಿಳಿದು ಬರುವಷ್ಟರಲ್ಲಿ ಮಳೆ ನಿಂತಿತ್ತು. ಲೀಲಾಬಾಯಿ ಕೈಯಲ್ಲಿ ಚೀಲ ಹಿಡಿದು ಮನೆಗೆ ಬೀಗ ಹಾಕುತ್ತಿದ್ದಳು.

"ಲೀಲಾ, ನನ್ನ ಮಾತು ಕೇಳು. ನನಗ ಅದು ಕೇಳಿಸಲೇ ಇಲ್ಲ. ಆಗಲಿಲ್ಲಂದ್ರ ಅಂದದ್ದು ಕೇಳಿಸಲೇ ಇಲ್ಲ!"

"ನನಗ ಕೇಳಿಸ್ತು. ದೀಪಾವಳೀತನಕ ಅಂದದ್ದು." ಅವಳು ಬೀಗ ಜಗ್ಗಿ ನೋಡಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

ಹೆರ್ಮಾನ್ ಗಾಡಿಯಿಂದ ತಲೆ ಹೊರಗೆ ಹಾಕಿ ಮಾಸ್ತರರನ್ನು ಏನೋ ಕೇಳಿದ. ಗಂಡ ಹೆಂಡತಿಯ ಜಗಳವನ್ನು ಪರದೇಶದವರ ಮುಂದೆ ಹೇಳುವುದು ಮಾಸ್ತರರಿಗೆ ಸರಿಕಾಣಲಿಲ್ಲ. ತವರುಮನೆಗೆ, ರಾಮದುರ್ಗಕ್ಕೆ ಹೊರಟಿದ್ದಾಳೆ ಎಂದಷ್ಟೇ ಹೇಳಿದರು. ಸಾಹೇಬನ ಮುಖ ಅರಳಿತು. ಇಂಥ ಮಳೆಗಾಲದಲ್ಲಿ ಬಸ್ಸೇ? ಒಂದು ಹನಿ ಸೋರದ ಗಾಡಿ ಇಲ್ಲಿರುವಾಗ? ಊರ್ಸುಲಾ ಓಡಿಹೋಗಿ ಲೀಲಾಬಾಯಿಯ ಚೀಲ ಕಿತ್ತುಕೊಂಡು, ಕೈ ಹಿಡಿದು ತಂದು ಮೆತ್ತನೆಯ ಹಾಸಿಗೆಯ ಮೇಲೆ ಕಿಟಕಿಯ ಪಕ್ಕ ಕೂರಿಸಿದಳು. ಲೀಲಾಬಾಯಿ ಸಿಟ್ಟಿನಿಂದಲೇ ಕುಳಿತಳು. ಕುಳಿತು ಒಮ್ಮೆ ಮೆಲ್ಲಗೆ ಪುಟಿದು ನೋಡಿದಳು. ಪರದೆ ಸರಿಸಿ ಹೊರಗೆ ನೋಡಿದಳು. ಅವಳ ಹುಬ್ಬು ಸಡಿಲವಾಯಿತು.

"ಸವದತ್ತಿ ಮ್ಯಾಲೇ ಹೋಗೂದಲ್ರಿ?" ಎಂದಳು ಒಳಗೆ ಕುಂತೇ ಇದ್ದ ಮುದಕವ್ವ. "ನನ್ನ ಮನೋಳಿಗೆ ಇಳಸ್ರಿ. ನಮ್ಮಣ್ಣನ ಮಾರಿ ನೋಡಿ ಮೂರು ವರ್ಷ ಆತು."

"ಎಲ್ಲವ್ವನ ಗುಡ್ಡಕ್ಕ ನನ್ನ ಹೆಂಡ್ತೀದು ಒಂದು ಹರಕಿ ಐತಿ," ಎಂದ ನಿಜಗುಣಪ್ಪ, ಅವಳನ್ನು ಕರೆಯಲು ಓಡಿದ. ಶಟ್ಟೆಪ್ಪನಿಗೆ ರಾಮದುರ್ಗದಲ್ಲಿ ಏನೂ ಕೆಲಸವಿರಲಿಲ್ಲ. ಆದರೆ ಅವನು ಇಳಿಯಲೂ ಇಲ್ಲ. ಭಾಷೆಗೆಂದು ಮಾಸ್ತರರು ಮುಂದಿನ ಸೀಟಿನಲ್ಲಿ ಕುಳಿತರು.

ರಘೋತ್ತಮ ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಒಳಗೆ ಇನ್ನೊಂದು ಕಾಲಿಗೆ ಜಾಗವಿರಲಿಲ್ಲ.

"ನಿನಗ ನಾಳೆ ಆಫೀಸದಲ್ಲೋ?" ಎಂದರು ಮಾಸ್ತರರು. ಆಮೇಲೆ ಸಾಹೇಬನ ಮಾತು ಕೇಳಿ ಸಂತೋಷದಿಂದ ಹೇಳಿದರು: "ಚಿಂತಿ ಮಾಡಬ್ಯಾಡೋ. ನಾಳೆ ಸಂಜೀಕ ಎಲ್ಲಾರೂ ಹಿಂದಕ ಬರತೇವಿ. ನಿಮ್ಮ ಅತ್ತೀನೂ ಕರಕೊಂಡು ಬರೂಣು ಅಂತಾರ ಸಾಹೇಬ್ರು. ದೀಪಾವಳೀತನಕ ಅವರೂ ಇರಲಿ, ಲೀಲಾಗೂ ಕೈ ಕೂಡತದ."

ಗಾಡಿ ಗುರುಗುಟ್ಟಿ ಅಂಗಳ ದಾಟಿತು. ಲೀಲಾಬಾಯಿ ಕಿಟಕಿಯಿಂದ ಕೈ ಬೀಸಿದಳೋ, ಪರದೆ ಸರಿಪಡಿಸಿದಳೋ ಸರಿಯಾಗಿ ಕಾಣಲಿಲ್ಲ. ಒಂಬತ್ತು ದಿನದ ಮೇಲೆ ಖಾಲಿಯಾದ ಅಂಗಳದ ನಡುವೆ ರಘೋತ್ತಮ ಚಾದರ ಸುತ್ತಿಕೊಂಡು ನಿಂತಿದ್ದ. ಬೆಳಗಿನಿಂದ ಅವನ ಹೊಟ್ಟೆಗೆ ಬಿದ್ದದ್ದು ಒಂದೇ ತುತ್ತು. ಊಟದ ತಾಟು ಇನ್ನೂ ಅಡಿಗೆ ಮನೆಯಲ್ಲಿ ಹಾಗೇ ಇದ್ದೀತು ಎಂದು ನೆನಪಾಗಿ ಮನೆಯ ಕಡೆ ತಿರುಗಿದ.

ಬಾಗಿಲಿಗೆ ಬೀಗವಿತ್ತು. ಕೀಲಿಕೈ ಲೀಲಾಬಾಯಿಯ ಸೊಂಟದಲ್ಲಿತ್ತು.

ಆಗ ಮಳೆ ಮತ್ತೆ ಸುರಿಯಿತು. ಅದರ ಹನಿಯೊಂದೂ ಒಳಗಿಳಿಯದಂಥ ಛಾವಣಿ ಇಡೀ ಕಿತ್ತೂರಿನಲ್ಲಿ ಒಂದೇ ಒಂದಿತ್ತು. ಅದು ಆಗಲೇ ಬೈಲಹೊಂಗಲದ ದಾರಿ ಹಿಡಿದಿತ್ತು.